ಪಾಲಕರ ಸಹಿಗೆಂದು ಬಿಟ್ಟ ಗೆರೆ

ಶಾಲೆಯ ಯಾವ ಕಾಗದವನ್ನೇ ತೆಗೆದು ನೋಡಿ, ಕೆಳಗೆ ಬಲಬದಿಗೆ ಒಂದು ಗೆರೆ ಎಳೆದಿರುತ್ತಾರೆ. ಪ್ರವೇಶದ ಅರ್ಜಿಯಲ್ಲಿ, ಪ್ರಗತಿ ಪುಸ್ತಕದಲ್ಲಿ, ಪಿಕ್‌ನಿಕ್ಕಿಗೆ ಕರೆದೊಯ್ಯುವ ಮುನ್ನ ಕೊಡುವ ಒಪ್ಪಿಗೆ ಚೀಟಿಯಲ್ಲಿ, ಇತ್ತೀಚೆಗೆ ಬಂದ ಅಪಾರ್ ಐಡಿಯ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಸಮ್ಮತಿ ಪತ್ರದಲ್ಲಿ. ಗೆರೆಯ ಕೆಳಗೆ ‘ಪಾಲಕರ ಸಹಿ’. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ಅಪ್ಪನೋ ಅಮ್ಮನೋ ಬೆಳಗಿನ ಗಡಿಬಿಡಿಯಲ್ಲಿ ಗೀಚಿ ಕಳಿಸುತ್ತಾರೆ, ಮುಗಿಯಿತು. ನಾನು ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅಪ್ಪ ಅಮ್ಮ ಊರಲ್ಲಿ, ಮಕ್ಕಳು ಇಲ್ಲಿ ಎನ್ನುವಂಥ ತರಗತಿಗಳಲ್ಲೇ ನನ್ನ ಸರ್ವಿಸ್ ಕಳೆಯಿತು. ಹಾಗಾಗಿ ಆ ಗೆರೆಯ ಮೇಲೆ ಯಾರ ಕೈಬರಹ ಇದೆ ಎಂದು ನೋಡುವುದು ನನಗೆ ಅಭ್ಯಾಸ. ಶಾಲೆ ಎನ್ನುವುದು ಮಗುವಿನ ಬೆನ್ನ ಹಿಂದೆ ಒಂದು ಮನೆ ಇದೆ ಎಂದು ನಂಬಿಕೊಂಡೇ ನಡೆಯುವ ಏರ್ಪಾಡು. ಆ ಮನೆಯನ್ನು ಬಿಟ್ಟು, ಅದೂ ದೇಶದ ಗಡಿ ದಾಟಿ, ಒಂಟಿಯಾಗಿ ಬಂದ ಮಗು ತರಗತಿಯಲ್ಲಿ ಕೂತರೆ ಅದಕ್ಕೆ ಶಾಲೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಕಳೆದ ಚಳಿಗಾಲದಿಂದ ನನ್ನನ್ನು ಬಿಟ್ಟಿಲ್ಲ.

ಚಳಿಗಾಲದಲ್ಲಿ ಪರೇಲ್ ಕಡೆ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಸಾಲಾಗಿ ಏಳುವುದು ಮುಂಬಯಿಯವರಿಗೆಲ್ಲ ಗೊತ್ತು. ನಾದಿನಿಯ ಮೊಮ್ಮಗನಿಗೆ ಒಂದು ಸ್ವೆಟರ್ ಬೇಕಿತ್ತು. ನಾವಿಬ್ಬರೂ ರೇಟು ಜಾಸ್ತಿಯಾಯಿತೆಂದು ನಮ್ಮ ನಮ್ಮಲ್ಲೇ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದಾಗ ಅಂಗಡಿಯ ಯುವಕ, “ಜಾಸ್ತಿ ಅಲ್ಲ ಅಕ್ಕ, ಲುಧಿಯಾನದ ಮಾಲು, ಕೈಯಲ್ಲಿ ಹಿಡಿದು ನೋಡಿ” ಎಂದ. ಕುಶಾಲನಗರ, ಪಿರಿಯಾಪಟ್ಟಣದ ಕಡೆಯ ಕನ್ನಡ. ಬೈಲಕುಪ್ಪೆಯವನು. ಇಂಥವರು ಮುಂಬಯಿಯಲ್ಲೂ ಗೋವಾದಲ್ಲೂ ಬಹಳ ಜನ ಇದ್ದಾರೆ, ಮುಂಡಗೋಡದವರೂ ಇದ್ದಾರೆ. ಆದರೆ ಇವನು ಅಲ್ಲಿ ಹುಟ್ಟಿದವನಲ್ಲ. ಎಂಟನೆಯ ವಯಸ್ಸಿನಲ್ಲಿ ಟಿಬೆಟ್ಟಿನಿಂದ ನಡೆದು ಬಂದವನು, ಮನೆಯವರು ಯಾರೂ ಇಲ್ಲದೆ. ನಾನು ಟೀಚರ್ ಆಗಿದ್ದೆ ಎಂದು ತಿಳಿದ ಮೇಲೆ ‘ಅಕ್ಕ’ ಹೋಗಿ ‘ಟೀಚರ್’ ಆಯಿತು. ಗಿರಾಕಿ ಕಡಿಮೆ ಇದ್ದ ಮಧ್ಯಾಹ್ನ ಅದು, ಒಂದು ಸ್ಟೂಲ್ ಎಳೆದುಕೊಟ್ಟ. ಆಮೇಲೆಯೂ ಆ ಕಡೆ ಹೋದಾಗಲೆಲ್ಲ ಅವನಲ್ಲಿ ಹೋಗಿ ಕೂತಿದ್ದೇನೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅವನ ತಾಯಿ ಇನ್ನೂ ಅಲ್ಲೇ ಇದ್ದಾರೆ.

ಶಿಗಾತ್ಸೆ ಕಡೆಯ ಒಂದು ಹಳ್ಳಿ. ತಾಯಿ ಅವನನ್ನು ಲಾರಿ ಹತ್ತಿಸಿ ಕಳಿಸಿದರು. ಜೊತೆಗೆ ದುಡ್ಡು ತೆಗೆದುಕೊಂಡ ಗೈಡ್ ಒಬ್ಬ, ಮತ್ತೆ ಪರಿಚಯವಿಲ್ಲದ ಒಂದಿಷ್ಟು ಜನ. ಲಾರಿ ಇಳಿದ ಮೇಲೆ ಕಾಲ್ನಡಿಗೆ. ರಾತ್ರಿ ನಡೆಯುವುದು, ಹಗಲು ಬಂಡೆಗಳ ಮರೆಯಲ್ಲಿ ಮಲಗುವುದು. ಟಿಬೆಟ್ ನೇಪಾಳ ಗಡಿಯ ನಂಗ್ಪಾ ಲಾ ಎಂಬ ಕಣಿವೆ ದಾರಿ ಸಮುದ್ರ ಮಟ್ಟದಿಂದ 5,700 ಮೀಟರಿಗಿಂತ ಎತ್ತರದಲ್ಲಿದೆ. ಆ ದಾರಿಯಲ್ಲೇ 2006ರ ಸೆಪ್ಟೆಂಬರ್ 30ರಂದು ಚೀನಾದ ಗಡಿ ಪೊಲೀಸರು ಗುಂಡು ಹಾರಿಸಿ, ಕೆಲ್ಸಾಂಗ್ ನಮ್ತ್ಸೊ ಎಂಬ 17 ವರ್ಷದ ಸನ್ಯಾಸಿನಿ ಸತ್ತದ್ದು, ಆ ಗುಂಪಿನಲ್ಲಿದ್ದ ಮಕ್ಕಳು ಸೆರೆ ಸಿಕ್ಕದ್ದು. ಬೆಟ್ಟ ಹತ್ತಲು ಬಂದಿದ್ದ ವಿದೇಶಿಯರು ಚಿತ್ರೀಕರಿಸಿದ್ದರಿಂದ ಅದು ಜಗತ್ತಿಗೆ ಗೊತ್ತಾಯಿತು. ಇವನು ಅದಕ್ಕಿಂತ ಕೆಲವು ವರ್ಷ ಮುಂಚೆ ದಾಟಿದವನು. ಆಗೆಲ್ಲ ವರ್ಷಕ್ಕೆ ಎರಡು ಮೂರು ಸಾವಿರ ಜನ ಹೀಗೆ ಬರುತ್ತಿದ್ದರು, ಅವರಲ್ಲಿ ಮಕ್ಕಳು ಬಹಳ. ತಂದೆತಾಯಿಯರೇ ಕಳಿಸುತ್ತಿದ್ದರು. ದಲೈಲಾಮಾ ಅವರ ದರ್ಶನ ಆಗಲಿ, ನಮ್ಮ ಭಾಷೆಯಲ್ಲಿ ನಾಲ್ಕಕ್ಷರ ಕಲಿಯಲಿ ಎಂದು. ಕಠ್ಮಂಡುವಿನ ಸ್ವಾಗತ ಕೇಂದ್ರ, ಅಲ್ಲಿಂದ ದಿಲ್ಲಿ, ಧರ್ಮಶಾಲಾ, ಕೊನೆಗೆ ರೈಲು ಹತ್ತಿ ಬೈಲಕುಪ್ಪೆಯ ಟಿಬೆಟನ್ ಮಕ್ಕಳ ಶಾಲೆ. “ಶಾಲೆಗೆ ಹೋಗಿ ಬಾ ಅಂದಿದ್ರು ಟೀಚರ್ ಅಮ್ಮ. ಬಾ ಅಂದಿದ್ರಲ್ಲ, ಹಾಗಾಗಿ ನಾನು ಎಷ್ಟೋ ದಿನ ಪ್ಯಾಂಟಿನ ಜೇಬಲ್ಲಿ ದಾರಿಗೆ ಅಂತ ಬಿಸ್ಕೆಟ್ ಇಟ್ಕೊಳ್ತಿದ್ದೆ.”

ರಜೆ

ಪಾಠ ಕಷ್ಟವಾಯಿತೇ ಎಂದು ಕೇಳಿದೆ. ಟೀಚರಾದವಳು ಮೊದಲು ಕೇಳುವುದು ಅದನ್ನೇ. ಪಾಠ ಕಷ್ಟವಾಗಲಿಲ್ಲವಂತೆ. ಮೊದಲ ಕೆಲವು ತರಗತಿ ಟಿಬೆಟನ್ ಭಾಷೆಯಲ್ಲೇ ಇದ್ದವು, ಆಮೇಲೆ ಇಂಗ್ಲಿಷ್ ಬಂತು, ಎಲ್ಲರಿಗೂ ಕಷ್ಟ, ತನಗೂ ಕಷ್ಟ. ಅವನು ಹೇಳಿದ್ದೆಲ್ಲ ಬೇರೆ. ರಜೆಯ ವಿಷಯ ಹೇಳಿದ. ಕೊನೆಯ ಪರೀಕ್ಷೆಯ ದಿನ ಮಧ್ಯಾಹ್ನಕ್ಕೆಲ್ಲ ಗೇಟಿನ ಹತ್ತಿರ ಆಟೋಗಳು, ಜೀಪುಗಳು ಬಂದು ನಿಲ್ಲುತ್ತಿದ್ದವು. ಕ್ಯಾಂಪಿನಲ್ಲಿ ಮನೆ ಇರುವ ಮಕ್ಕಳನ್ನು ಅಪ್ಪಂದಿರು, ಚಿಕ್ಕಪ್ಪಂದಿರು ಬಂದು ಕರೆದುಕೊಂಡು ಹೋಗುತ್ತಿದ್ದರು. ಹುಣಸೂರು, ಕೊಳ್ಳೇಗಾಲದ ಕ್ಯಾಂಪಿನವರೂ ಹೋಗುತ್ತಿದ್ದರು. ಸಂಜೆ ಹೊತ್ತಿಗೆ ಟಿಬೆಟ್ಟಿನಿಂದ ನೇರವಾಗಿ ಬಂದ ಮಕ್ಕಳಷ್ಟೇ ಉಳಿಯುತ್ತಿದ್ದರು. ಮೆಸ್ಸಿನಲ್ಲಿ ದೊಡ್ಡ ಪಾತ್ರೆಯ ಬದಲು ಚಿಕ್ಕ ಪಾತ್ರೆ ಇಡುತ್ತಿದ್ದರಂತೆ. ಆ ಚಿಕ್ಕ ಪಾತ್ರೆಯನ್ನು ಕಂಡರೆ ತನಗೆ ಊಟ ಸೇರುತ್ತಿರಲಿಲ್ಲ ಎಂದ. ರಜೆ ಮುಗಿದು ಎಲ್ಲರೂ ಬಂದಾಗ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮೊದಲ ಪ್ರಬಂಧ ‘ನಾನು ರಜೆ ಕಳೆದ ಬಗೆ’. ಒಂದು ವರ್ಷ ಅವನು ಕ್ಯಾಂಪಿನ ಗೆಳೆಯನ ರಜೆಯನ್ನೇ ಕೇಳಿ ತಿಳಿದುಕೊಂಡು ತನ್ನದೆಂದು ಬರೆದ. ಜೋಳದ ಹೊಲ, ಅಜ್ಜಿ, ನಾಯಿಮರಿ, ಎಲ್ಲ. ಒಳ್ಳೆ ಮಾರ್ಕು ಬಂತು. ಟೀಚರ್ ಅದನ್ನು ತರಗತಿಗೆ ಓದಿ ಹೇಳಿದರು. ಗೆಳೆಯ ಸುಮ್ಮನೆ ಕೂತಿದ್ದ, ಯಾರಿಗೂ ಹೇಳಲಿಲ್ಲ.

ಇದನ್ನು ಕೇಳಿ ನಾನು ಪಾಠದ ಪುಸ್ತಕಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಿಮ್ಮ ಕುಟುಂಬದ ವಂಶವೃಕ್ಷ ಬರೆಯಿರಿ. ನಿಮ್ಮ ಅಜ್ಜಿಯನ್ನು ಕೇಳಿ ಒಂದು ಗಾದೆ ಸಂಗ್ರಹಿಸಿರಿ. ನಿಮ್ಮ ಮನೆಯ ಅಡಿಗೆಮನೆಯಲ್ಲಿರುವ ಅಳತೆಯ ಪಾತ್ರೆಗಳನ್ನು ಪಟ್ಟಿ ಮಾಡಿರಿ. ಒಂದರಿಂದ ಹತ್ತರವರೆಗೂ ಎಲ್ಲ ಪುಸ್ತಕದಲ್ಲೂ ಇದೆ. ಬರೆದವರು ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದಾರೆ. ಮಗುವಿನ ಅನುಭವದಿಂದ ಕಲಿಕೆ ಶುರುವಾಗಲಿ ಎನ್ನುವುದು ಒಪ್ಪತಕ್ಕ ಮಾತು. ಆದರೆ ಒಂಟಿಯಾಗಿ ಬಂದ ಮಗುವಿಗೆ ಗಣಿತದ ಲೆಕ್ಕಕ್ಕಿಂತ ಈ ‘ಸುಲಭದ’ ಪ್ರಶ್ನೆಗಳೇ ಕಠಿಣ. ಲೆಕ್ಕ ತಪ್ಪಿದರೆ ತಿದ್ದಿಕೊಳ್ಳಬಹುದು, ಇದನ್ನು ಹೇಗೆ ತಿದ್ದಿಕೊಳ್ಳುವುದು?

ಇನ್ನೊಂದು ಸಂಗತಿ. ಆ ಶಾಲೆಯಲ್ಲಿ ಹೆಚ್ಚಿನ ಮಕ್ಕಳ ಖರ್ಚನ್ನು ಹೊರದೇಶದ ದಾನಿಗಳು ನೋಡಿಕೊಳ್ಳುತ್ತಿದ್ದರು. ಮಕ್ಕಳು ಅವರಿಗೆ ಕಾಗದ ಬರೆಯಬೇಕಿತ್ತು. ಮುಖ ನೋಡದ ಯಾರೋ ಒಬ್ಬರಿಗೆ ಅವನು ‘ನಾನು ಆರೋಗ್ಯವಾಗಿದ್ದೇನೆ, ಚೆನ್ನಾಗಿ ಓದುತ್ತಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಆ ಹೆಂಗಸು ಒಳ್ಳೆಯವರು, ಹುಟ್ಟುಹಬ್ಬಕ್ಕೆ ಕಾರ್ಡ್ ಕಳಿಸುತ್ತಿದ್ದರು. ಅಮ್ಮನಿಗೆ ಬರೆಯುವ ದಾರಿ ಮಾತ್ರ ಇರಲಿಲ್ಲ. ಟಿಬೆಟ್ಟಿಗೆ ಕಾಗದ ಹೋದರೆ ಮನೆಯವರಿಗೆ ತೊಂದರೆ ಎಂದು ದೊಡ್ಡವರು ಹೆದರಿಸಿದ್ದರು. ಬಹಳ ವರ್ಷದ ಮೇಲೆ ವೀಚಾಟ್ ಬಂತು, ಹಳ್ಳಿಯ ಒಬ್ಬರ ಫೋನಿನಲ್ಲಿ ಅಮ್ಮನ ಮುಖ ಕಂಡಿತು. ಹನ್ನೆರಡನೆಯ ತರಗತಿಯ ಮಾರ್ಕ್ಸ್ ಕಾರ್ಡನ್ನು ಫೋನಿಗೆ ಹಿಡಿದು ತೋರಿಸಿದನಂತೆ. ಅಮ್ಮನಿಗೆ ಓದು ಬಾರದು, ಕಾರ್ಡಿನ ಮೂಲೆಯಲ್ಲಿದ್ದ ಮುದ್ರೆಯನ್ನು ನೋಡಿ ಅದೇನು ಎಂದು ಕೇಳಿದರು. 2020ರ ಜೂನ್ 29ರಂದು ಭಾರತ ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಅದರಲ್ಲಿ ವೀಚಾಟೂ ಇತ್ತು. ಗಲ್ವಾನ್‌ನಲ್ಲಿ ನಮ್ಮ ಸೈನಿಕರು ಸತ್ತ ಹೊತ್ತು ಅದು, ನಿಷೇಧಕ್ಕೆ ಕಾರಣವಿತ್ತು. ಇಲ್ಲಿನ ಟಿಬೆಟಿಯನ್ನರಿಗೆ ಅಪ್ಪ ಅಮ್ಮನ ಜೊತೆ ಮಾತಾಡುವ ದಾರಿ ಅದೇ ದಿನ ಮುಚ್ಚಿತು ಎನ್ನುವುದು ನಮ್ಮಲ್ಲಿ ಎಷ್ಟು ಮಂದಿಯ ಗಮನಕ್ಕೆ ಬಂದಿದ್ದೀತು?

ಗಲ್ಲಾದಲ್ಲಿ ಕೂತವರ ಸಹಿ

ನಮ್ಮ ರಾತ್ರಿ ಶಾಲೆಯ ಮಾತು ಇಲ್ಲಿ ಬರಲೇಬೇಕು. ಮುಂಬಯಿ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಎಸೋಸಿಯೇಶನ್‌ನಂಥ ಸಂಘಗಳು ರಾತ್ರಿ ಹೈಸ್ಕೂಲು ನಡೆಸಿದ್ದು ಯಾಕೆ, ಯಾರಿಗಾಗಿ ಎಂದು ಪ್ರತಿ ಮನೆಯಲ್ಲೂ ಒಬ್ಬರಾದರೂ ಹೇಳಬಲ್ಲರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ; ಅದಕ್ಕೂ ಮುಂಚೆ ಬಸ್ಸಿನಲ್ಲಿ ಹಗಲು ರಾತ್ರಿ ಪ್ರಯಾಣ ಮಾಡಿ, ಊರಿನವರೊಬ್ಬರ ಚೀಟಿ ಹಿಡಿದು ಬಂದಿಳಿದ ಹನ್ನೊಂದು ಹನ್ನೆರಡರ ಹುಡುಗರು. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಆರೂವರೆಗೆ ಕ್ಲಾಸು, ಒಂಬತ್ತೂವರೆಗೆ ಬಿಟ್ಟರೆ ಮತ್ತೆ ಹೋಟೆಲು, ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿ ಮಲಗುವುದು. ಅಂಥ ಮಕ್ಕಳನ್ನು ದುಡಿಸಿದ್ದು ಸರಿಯಾಗಿತ್ತೆಂದು ನಾನು ಹೇಳುವುದಿಲ್ಲ. 2006ರ ಅಕ್ಟೋಬರಿನಿಂದ ಹೋಟೆಲುಗಳಲ್ಲಿ 14 ವರ್ಷದೊಳಗಿನವರ ಕೆಲಸವನ್ನು ಕಾನೂನು ನಿಷೇಧಿಸಿದ್ದು ಒಳ್ಳೆಯದೇ ಆಯಿತು.

ಬೈಂದೂರು ಕಡೆಯ ಒಬ್ಬ ಹುಡುಗ ಎಂಟನೆಯಲ್ಲಿದ್ದ. ಗ್ಲಾಸು ತೊಳೆದು ತೊಳೆದು ಬೆರಳಿನ ತುದಿಯ ಚರ್ಮ ಬೆಳ್ಳಗೆ ಸುಲಿದಿರುತ್ತಿತ್ತು, ಪೆನ್ನು ಹಿಡಿದರೆ ಉರಿ. ಸಹಾಮಾಹಿ (ಅರ್ಧವಾರ್ಷಿಕ) ಪರೀಕ್ಷೆ ಮುಗಿದು ಪ್ರಗತಿ ಪುಸ್ತಕ ಕೊಟ್ಟೆ, ಸಹಿ ಮಾಡಿಸಿಕೊಂಡು ಬಾ ಎಂದೆ. ಅವನು ಪುಸ್ತಕ ಹಿಡಿದು ನಿಂತೇ ಇದ್ದ. “ನನ್ ಬದಿಂದ ಯಾರ್ ಬತ್ರ್ ಟೀಚರ್?” ಎಂದ. ಪಾಲಕರ ಮೀಟಿಂಗ್‌ನ ನೋಟೀಸೂ ಅದರಲ್ಲೇ ಇತ್ತು. ನಾಲ್ಕು ದಿನ ಬಿಟ್ಟು ಪುಸ್ತಕ ವಾಪಸ್ ಬಂತು. ಪಾಲಕರ ಸಹಿಯ ಜಾಗದಲ್ಲಿ ಹೋಟೆಲಿನ ರಬ್ಬರ್ ಸ್ಟಾಂಪ್, ಅದರ ಮೇಲೆ ಗಲ್ಲಾದಲ್ಲಿ ಕೂರುವವರ ಸಹಿ, ಬಿಲ್ಲಿಗೆ ಹಾಕುವಂಥದ್ದೇ. ಅದರ ಕೆಳಗೆ ಹುಡುಗ ತನ್ನ ಗುಂಡು ಅಕ್ಷರದಲ್ಲಿ ‘ಅಪ್ಪಯ್ಯನ ಬದಲಿಗೆ’ ಎಂದು ಬರೆದಿದ್ದ. ಯಾರೂ ಅವನಿಗೆ ಹಾಗೆ ಬರೆ ಎಂದು ಹೇಳಿರಲಿಲ್ಲ. ಸುಳ್ಳು ಹೇಳಿದಂತಾಗಬಾರದು ಎಂದು ಅವನಿಗೇ ತೋಚಿದ್ದು. ಮುಖ್ಯೋಪಾಧ್ಯಾಯರು ಪುಸ್ತಕವನ್ನು ಬಹಳ ಹೊತ್ತು ನೋಡಿ, “ಇರಲಿ ಟೀಚರ್, ಹಾಗೇ ಫೈಲಿಗೆ ಹಾಕಿ” ಎಂದರು.

ಮೀಟಿಂಗ್‌ಗೆ ಆ ಗಲ್ಲಾದವರು ಬಂದರು. ಊಟದ ಗದ್ದಲ ಇಳಿದ ಮೇಲೆ, ನಾವೆಲ್ಲ ಬೀಗ ಹಾಕಲು ಎದ್ದ ಹೊತ್ತಿಗೆ. ಬೆಂಚಿನಲ್ಲಿ ಕೂತು, ಹುಡುಗ ಗಣಿತದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಹೇಗೆ, ಕ್ಲಾಸಿನಲ್ಲಿ ತೂಕಡಿಸುತ್ತಾನೋ ಎಂದು ಒಂದೊಂದೇ ಕೇಳಿದರು. ತೂಕಡಿಸುತ್ತಾನೆ ಎಂದೆ. ಮರುದಿನದಿಂದ ಅವನನ್ನು ಬೆಳಗಿನ ನಾಲ್ಕೂವರೆಯ ಪಾಳಿಯಿಂದ ತೆಗೆದು ಏಳಕ್ಕೆ ಹಾಕಿದರು. ಅಷ್ಟೇ ಮಾಡಿದ್ದು. ಅವರು ಅವನ ಸಂಬಂಧಿಯಲ್ಲ, ಜಾತಿಯವರೂ ಅಲ್ಲ. ಹುಡುಗ ಎಸ್ಸೆಸ್ಸಿ (ಹತ್ತನೆಯ ತರಗತಿ) ಪಾಸಾದ, ಇಂಗ್ಲಿಷ್ ಮಾತ್ರ ಎರಡನೆಯ ಸಲಕ್ಕೆ. ಅದೇ ತರಗತಿಯಲ್ಲಿ ಅವನಿಗಿಂತ ಚುರುಕಾದವರು ಮೂರು ನಾಲ್ಕು ಜನ ಇದ್ದರು. ಅವರ ಬಗ್ಗೆ ಕೇಳಲು ಯಾರೂ ಬರಲಿಲ್ಲ, ಒಂಬತ್ತನೆಯ ತರಗತಿಗೆ ಅವರ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ.

ಹಾಗೆಂದು ಹೋಟೆಲ್ ಹುಡುಗರನ್ನೂ ನಿರಾಶ್ರಿತ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ಅನ್ಯಾಯ. ನಮ್ಮ ಹುಡುಗರಿಗೆ ಊರಿತ್ತು. ಮನಿಯಾರ್ಡರ್ ಕಳಿಸಿದರೆ ತಾಯಿ ಹೆಬ್ಬೆಟ್ಟು ಒತ್ತಿದ ರಶೀದಿ ಬರುತ್ತಿತ್ತು. ದೀಪಾವಳಿಗೋ ಕೋಲಕ್ಕೋ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದರು. ಬೇಡವೆನಿಸಿದರೆ ಬಸ್ ಹತ್ತಬಹುದಿತ್ತು, ಎಷ್ಟೋ ಮಂದಿ ಹತ್ತಿದರು ಕೂಡ. ಪರೇಲಿನ ಯುವಕನಿಗೆ ಆ ಬಸ್ಸೇ ಇಲ್ಲ. ಓದಿನಲ್ಲಿ ಹಿಂದೆ ಬಿದ್ದರೆ, ಟೀಚರ್ ಬೈದರೆ, ಜ್ವರ ಬಂದು ಮಲಗಿದರೆ ಮನಸ್ಸಿನಲ್ಲಾದರೂ ಹೋಗಿ ಬರಲು ಒಂದು ದಾರಿ ಬೇಕು, ಅವನಿಗೆ ಅದು ಇರಲಿಲ್ಲ. ಎರಡೂ ಕಡೆ ನಾನು ಕಂಡ ಸಮಾನ ಸಂಗತಿ ಒಂದೇ. ಈ ಮಗುವಿನ ಓದು ತನ್ನ ಜವಾಬ್ದಾರಿ ಎಂದು ಒಬ್ಬ ನಿರ್ದಿಷ್ಟ ಮನುಷ್ಯ ಮುಂದೆ ಬಂದನೋ ಇಲ್ಲವೋ ಎನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿತ್ತು. ಒಳ್ಳೆಯ ಕಟ್ಟಡ, ಊಟ, ಪುಸ್ತಕ, ಸ್ಕಾಲರ್‌ಶಿಪ್, ಎಲ್ಲ ಬೇಕು. ಅವೆಲ್ಲ ಇದ್ದೂ ಆ ಮನುಷ್ಯ ಇಲ್ಲದಿದ್ದರೆ ಮಗು ಮೆಲ್ಲಗೆ ಜಾರಿ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಮನೆಯನ್ನು ಕಟ್ಟಿಕೊಟ್ಟವರು

ಇದನ್ನು ಬುದ್ಧಿಪೂರ್ವಕವಾಗಿ ಯೋಚಿಸಿ ಮಾಡಿದವರೂ ಇದ್ದಾರೆ. 1960ರ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಕೆಲಸದ ಕ್ಯಾಂಪುಗಳಿಂದ 51 ಟಿಬೆಟನ್ ಮಕ್ಕಳು ಧರ್ಮಶಾಲೆಗೆ ಬಂದಿಳಿದರು. ಕೆಲವರಿಗೆ ಅಪ್ಪ ಅಮ್ಮ ಇಲ್ಲ, ಕೆಲವರ ಅಪ್ಪ ಅಮ್ಮ ಕಲ್ಲು ಒಡೆಯುತ್ತಿದ್ದರು. ದಲೈಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರನ್ನು ನೋಡಿಕೊಂಡರು. ಆಕೆ 1964ರಲ್ಲಿ ತೀರಿಕೊಂಡ ಮೇಲೆ ತಂಗಿ ಜೆಟ್ಸುನ್ ಪೇಮಾ ಆ ಭಾರ ಹೊತ್ತು 2006ರವರೆಗೆ ನಡೆಸಿದರು. ಅದೇ ಟಿಬೆಟನ್ ಮಕ್ಕಳ ಗ್ರಾಮ, ಅದರ ಒಂದು ಶಾಖೆ ನಮ್ಮ ಬೈಲಕುಪ್ಪೆಯಲ್ಲಿರುವುದು. ಅವರು ದೊಡ್ಡ ಡಾರ್ಮಿಟರಿ ಕಟ್ಟಿ ಮಕ್ಕಳನ್ನು ಸಾಲಾಗಿ ಮಲಗಿಸಿ ಕೈ ತೊಳೆದುಕೊಳ್ಳಲಿಲ್ಲ. ಮನೆ ಮನೆಯಾಗಿ ವಿಂಗಡಿಸಿದರು. ಒಂದೊಂದು ಮನೆಗೆ ಒಬ್ಬ ತಾಯಿ, ‘ಅಮಾಲಾ’. ಮೂವತ್ತರ ಆಸುಪಾಸು ಮಕ್ಕಳು, ಎಲ್ಲ ವಯಸ್ಸಿನವರೂ ಒಟ್ಟಿಗೆ. ದೊಡ್ಡವರು ಚಿಕ್ಕವರನ್ನು ನೋಡಿಕೊಳ್ಳಬೇಕು. ಪರೇಲಿನ ಯುವಕನ ಪಾಲಿಗೆ ಬಂದದ್ದು ಎಂಟನೆಯ ತರಗತಿಯ ಒಬ್ಬ ಹುಡುಗ. ಸ್ನಾನ ಮಾಡಿಸಿದ್ದು, ಉಗುರು ಕತ್ತರಿಸಿದ್ದು, ರಾತ್ರಿ ಟಾರ್ಚ್ ಹಿಡಿದು ಗುಣಾಕಾರದ ಮಗ್ಗಿ ಹೇಳಿಸಿದ್ದು ಎಲ್ಲ ಅವನೇ. ಅಮಾಲಾಗೆ ಅಷ್ಟು ಮಕ್ಕಳಲ್ಲಿ ಒಬ್ಬೊಬ್ಬರ ಪುಸ್ತಕ ತೆರೆದು ನೋಡಲು ಆಗುತ್ತಿರಲಿಲ್ಲ, ಆ ಹುಡುಗ ನೋಡುತ್ತಿದ್ದ. “ನಾನು ಫೇಲಾದ್ರೆ ಅವನಿಗೆ ಅವಮಾನ ಆಗ್ತಿತ್ತು ಟೀಚರ್, ಅದಕ್ಕೆ ಓದಿದೆ” ಎಂದ. ಈಗ ಆ ಅಣ್ಣ ಕೆನಡಾದಲ್ಲಿದ್ದಾನೆ, ವಾರಕ್ಕೊಮ್ಮೆ ಫೋನ್ ಬರುತ್ತದೆ.

ಇನ್ನೂ ಹಿಂದಿನ ಒಂದು ಕತೆ ನಮ್ಮ ಬಾಂದ್ರಾದ್ದೇ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ನೆಲಕ್ಕೆ ಗಡೀಪಾರಾಗಿ ಅಪ್ಪ ಅಮ್ಮನನ್ನು ಕಳೆದುಕೊಂಡ ಪೋಲೆಂಡಿನ ಮಕ್ಕಳ ಮೊದಲ ತಂಡ 1942ರಲ್ಲಿ ಅಶ್ಗಾಬಾದ್, ಮಶಾದ್, ಕ್ವೆಟ್ಟಾ ದಾರಿಯಾಗಿ ಬಂದು ಕೆಲವು ತಿಂಗಳು ಬಾಂದ್ರಾದಲ್ಲಿತ್ತು. ಅಲ್ಲಿಂದ ಜಾಮ್‌ನಗರದ ಹತ್ತಿರದ ಬಾಲಾಚಡಿಗೆ ಹೋದರು. ನವಾನಗರದ ಮಹಾರಾಜ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜೀ ಆ ಮಕ್ಕಳಿಗಾಗಿ ಕ್ಯಾಂಪು ಕಟ್ಟಿಸಿದ್ದರು, ಮಕ್ಕಳು ಅವರನ್ನು ‘ಬಾಪು’ ಎನ್ನುತ್ತಿದ್ದರು. ಕ್ಯಾಂಪಿನಲ್ಲಿ ಪೋಲಿಷ್ ಭಾಷೆಯಲ್ಲೇ ಶಾಲೆ. ಆ ಕ್ಯಾಂಪು ಮುಚ್ಚಿದಾಗ ಉಳಿದವರು ಹೋದದ್ದು ಕೊಲ್ಲಾಪುರದ ಪಕ್ಕದ ವಳಿವಡೆಗೆ. ಅಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷರು ಇದ್ದರು. ಬೆಳಗಾವಿ ಕಡೆಯವರು ಮೀರಜಿನಿಂದ ಕೊಲ್ಲಾಪುರಕ್ಕೆ ಹೋಗುವಾಗ ಆ ಸ್ಟೇಷನ್ ದಾಟಿಯೇ ಹೋಗುತ್ತಾರೆ. 2024ರ ಆಗಸ್ಟಿನಲ್ಲಿ ಪ್ರಧಾನಿ ವಾರ್ಸಾಗೆ ಹೋದಾಗ ಈ ಎರಡೂ ನೆನಪಿನ ಸ್ಮಾರಕಗಳಿಗೆ ಹೂವಿಟ್ಟ ಸುದ್ದಿ ಬಂದಿತ್ತು.

ನನ್ನ ಮನಸ್ಸನ್ನು ಹಿಡಿದದ್ದು ಕ್ಯಾಂಪಿನ ಔದಾರ್ಯಕ್ಕಿಂತ ಹೆಚ್ಚಾಗಿ ಒಂದು ಕಾಗದ. ಯುದ್ಧ ಮುಗಿದ ಮೇಲೆ ಅನಾಥ ಮಕ್ಕಳನ್ನು ಕಮ್ಯುನಿಸ್ಟ್ ಪೋಲೆಂಡಿಗೆ ವಾಪಸ್ ಕಳಿಸಬೇಕೆಂಬ ಒತ್ತಡ ಬಂತು. ಆಗ ಜಾಮ್‌ಸಾಹೇಬ್, ಕ್ಯಾಂಪಿನ ಪಾದ್ರಿ ಫ್ರಾನ್ಸಿಶೆಕ್ ಪ್ಲೂಟಾ, ಬ್ರಿಟಿಷ್ ಅಧಿಕಾರಿ ಜೆಫ್ರಿ ಕ್ಲಾರ್ಕ್ ಮೂವರೂ ಸೇರಿ ಆ ಮಕ್ಕಳನ್ನು ಕಾನೂನು ಪ್ರಕಾರ ದತ್ತು ತೆಗೆದುಕೊಂಡರು. ಅಂದರೆ ‘ಇವರ ಪಾಲಕರು ಯಾರು’ ಎಂಬ ಪ್ರಶ್ನೆಗೆ ಮೂರು ಜನ ತಮ್ಮ ಹೆಸರು ಬರೆದು ಸಹಿ ಹಾಕಿದರು. ಕರುಣೆ ತೋರಿಸಿದವರು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದಿರಬಹುದು. ಕಾನೂನಿನ ಕಾಗದದ ಮೇಲೆ ತಮ್ಮ ಹೆಸರಿಟ್ಟವರು ಈ ಮೂವರು.

ವಯಸ್ಸು ಮತ್ತು ತರಗತಿ

ಕಠ್ಮಂಡುವಿನಲ್ಲಿ ಪರೇಲಿನ ಯುವಕನ ಹುಟ್ಟಿದ ದಿನ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ, ಯಾರೋ ಒಂದು ತಾರೀಖು ಬರೆದುಕೊಂಡರು. ನಮಗೆ ಇದು ಹೊಸದೇನಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಜನ ಶಾಲೆಯ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿದವರು, ಮಾಸ್ತರು ಬರೆದದ್ದೇ ಜನ್ಮದಿನ. ವಯಸ್ಸಿಗೂ ತರಗತಿಗೂ ತಾಳೆಯಾಗದಿದ್ದರೆ ಆಗುವ ಸಂಕಟ ಬೇರೆ. ಹನ್ನೆರಡು ಹದಿಮೂರಕ್ಕೆ ಬಂದ ಹುಡುಗರನ್ನು ಅಕ್ಷರ ಬಾರದ್ದಕ್ಕೆ ಒಂದನೆಯ ತರಗತಿಯ ಪುಟಾಣಿಗಳ ಜೊತೆ ಕೂರಿಸಿದರೆ ಮೊಣಕಾಲು ಬೆಂಚಿಗೆ ತಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಮಾನಕ್ಕೆ ತಾಗುತ್ತದೆ. ಹಿಮಾಚಲದ ಸುಜಾ ಟಿಬೆಟನ್ ಶಾಲೆಯಲ್ಲಿ ತಡವಾಗಿ ಬಂದವರಿಗೆಂದೇ ಬೇರೆ ತರಗತಿ ಮಾಡಿದರು. 18 ದಾಟಿದವರಿಗೆ ಧರ್ಮಶಾಲೆಯ ಹತ್ತಿರ ಪ್ರತ್ಯೇಕ ಶಾಲೆಯೇ ಇತ್ತು. ನಮ್ಮ ರಾತ್ರಿ ಶಾಲೆಯಲ್ಲಿ ಮೀಸೆ ಬಂದವರು ಏಳನೆಯಲ್ಲಿ ಕೂರುತ್ತಿದ್ದರು, ಎಲ್ಲರಿಗೂ ಮೀಸೆ ಇದ್ದುದರಿಂದ ಯಾರಿಗೂ ನಾಚಿಕೆ ಇರಲಿಲ್ಲ. ಶಾಲೆಯಿಂದ ಹೊರಬಿದ್ದವರಿಗೆ ಮಹಾರಾಷ್ಟ್ರದಲ್ಲಿ 17 ನಂಬರ್ ಫಾರ್ಮ್ ಇದೆ, ಖಾಸಗಿಯಾಗಿ ಎಸ್ಸೆಸ್ಸಿಗೆ ಕೂರಬಹುದು. ಅದಕ್ಕೂ ಹಿಂದಿನ ಶಾಲೆಯ ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ಕೇಳುತ್ತಾರೆ. ಶಿಗಾತ್ಸೆಯಿಂದ ಯಾರು ಎಲ್‌ಸಿ ತರುತ್ತಾರೆ?

ಕಾನೂನು ಹೇಳುವುದು, ಶಾಲೆ ಕೇಳುವುದು

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರಲ್ಲಿ ಸೇರಿದೆ. ಅದರ 22ನೆಯ ಕಲಮು ತಂದೆತಾಯಿ ಜೊತೆಗಿಲ್ಲದ ನಿರಾಶ್ರಿತ ಮಗುವಿನ ಬಗ್ಗೆಯೇ ಮಾತಾಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟ. 6ರಿಂದ 14 ವರ್ಷದ ‘ಮಗು’ ಎನ್ನುತ್ತದೆ, ‘ಪ್ರಜೆ’ ಎನ್ನುವುದಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ಹಿಂದುಳಿದದ್ದನ್ನು ಪ್ರತ್ಯೇಕವಾಗಿ ಕಲಿಸಬೇಕು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ನಮ್ಮ ಮಹಾರಾಷ್ಟ್ರದಲ್ಲಿ ಒಂದು ಶಾಲೆಗೆ ಎಷ್ಟು ಶಿಕ್ಷಕರು ಎಂದು ತೀರ್ಮಾನಿಸುವ ‘ಸಂಚ್ ಮಾನ್ಯತಾ’ಕ್ಕೆ ಲೆಕ್ಕ ಹಿಡಿಯುವುದು ಆಧಾರ್ ತಾಳೆಯಾದ ಮಕ್ಕಳನ್ನು. ಆಧಾರ್ ಇಲ್ಲದ ಮಗುವನ್ನು ಸೇರಿಸಿಕೊಂಡರೆ ಪಾಠ ಹೇಳಬೇಕು, ಲೆಕ್ಕಕ್ಕೆ ಸಿಗದು. ಹತ್ತು ಮಕ್ಕಳು ಕಡಿಮೆಯಾದರೆ ಒಬ್ಬ ಶಿಕ್ಷಕಿ ‘ಅತಿರಿಕ್ತ’ ಆಗಿ ಬೇರೆ ಶಾಲೆಗೆ ಹೋಗಬೇಕಾಗುತ್ತದೆ. ಮುಖ್ಯೋಪಾಧ್ಯಾಯಿನಿ ಒಬ್ಬರು, “ಮನಸ್ಸಿಲ್ಲ ಅಂತಲ್ಲ, ನನ್ನ ಸ್ಟಾಫನ್ನು ನಾನೇ ಕಳಕೊಳ್ಳಲಾ?” ಎಂದು ನನ್ನ ಹತ್ತಿರ ಹೇಳಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಹಕ್ಕನ್ನು ಒಂದು ಕಾಗದ ಕೊಡುತ್ತದೆ, ಇನ್ನೊಂದು ಕಾಗದ ಅದನ್ನು ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ. ಇದನ್ನು ಸರಿಪಡಿಸಬೇಕಾದವರು ಮುಂಬಯಿಯ ಮಂತ್ರಾಲಯದಲ್ಲಿ, ಅಂದರೆ ರಾಜ್ಯದ ಸಚಿವಾಲಯದಲ್ಲಿ ಇರುವವರು, ತರಗತಿಯಲ್ಲಿರುವವರಲ್ಲ.

ಮುಂಬಯಿಯಲ್ಲಿ ಒಂಟಿ ಮಗು ಸಿಕ್ಕರೆ, ಅದು ಯಾವ ಊರಿನದೇ ಆಗಿರಲಿ ಯಾವ ದೇಶದ್ದೇ ಆಗಿರಲಿ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಯ್ಯಬೇಕು. ಅಲ್ಲಿಂದ ಡೋಂಗ್ರಿ ಅಥವಾ ಮಾನ್‌ಖುರ್ದ್‌ನ ಬಾಲಗೃಹ. ಬಾಲಗೃಹದ ಮಕ್ಕಳು ಹೊರಗಿನ ಶಾಲೆಗೆ ಹೋದರೆ ಪಾಲಕರ ಜಾಗದಲ್ಲಿ ಅಧೀಕ್ಷಕರ ಸಹಿ ಇರುತ್ತದೆ. ಅಷ್ಟೂ ಮಕ್ಕಳಿಗೆ ಒಂದೇ ಸಹಿ. ಅಧೀಕ್ಷಕರು ಎಷ್ಟು ಒಳ್ಳೆಯವರಾದರೂ ಎಷ್ಟು ಪಾಲಕರ ಮೀಟಿಂಗ್‌ಗೆ ಹೋದಾರು? ಯಾವ ಮಗು ಕ್ಲಾಸಿನಲ್ಲಿ ತೂಕಡಿಸುತ್ತದೆ ಎಂದು ಅವರಿಗೆ ಯಾರು ಹೇಳುತ್ತಾರೆ?

ಮುಂಬಯಿಯ ನಮ್ಮ ಸಂಘಗಳು ಪ್ರತಿ ವರ್ಷ ಜುಲೈ ಆಗಸ್ಟಿನಲ್ಲಿ ವಿದ್ಯಾರ್ಥಿವೇತನ ವಿತರಿಸುತ್ತವೆ. ಅದು ನಿಲ್ಲಬಾರದು, ಅದರಿಂದ ಓದಿ ಮೇಲೆ ಬಂದವರ ದೊಡ್ಡ ಪಟ್ಟಿಯೇ ಇದೆ. ಅದರ ಜೊತೆಗೆ ಇನ್ನೊಂದನ್ನು ನಾನು ಕೇಳುತ್ತಿದ್ದೇನೆ. ರಾತ್ರಿ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು ಡೊಂಬಿವಿಲಿಯಿಂದ ವಸಾಯಿವರೆಗೆ ನೂರಾರು ಜನ ಇದ್ದೇವೆ. ಅಪ್ಪ ಅಮ್ಮ ದೂರ ಇರುವ ಮಕ್ಕಳ ಜೊತೆ ಹೇಗೆ ಮಾತಾಡಬೇಕು, ಏನನ್ನು ಕೇಳಬಾರದು ಎನ್ನುವುದು ನಮಗೆ ಕೆಲಸದಲ್ಲೇ ಕಲಿತು ಬಂದಿದೆ. ಒಬ್ಬೊಬ್ಬರು ಬಾಲಗೃಹದ ಒಂದೊಂದೇ ಮಗುವನ್ನು ತೆಗೆದುಕೊಳ್ಳೋಣ. ಮನೆಗೆ ಕರೆದುಕೊಂಡು ಬರುವುದು ಬೇಡ, ದತ್ತು ಬೇಡ, ದುಡ್ಡೂ ಬೇಡ. ಆ ಮಗುವಿನ ಶಾಲೆಗೆ ಮೀಟಿಂಗಿನ ದಿನ ಹೋಗುವುದು, ಬೆಂಚಿನಲ್ಲಿ ಕೂತು ಟೀಚರನ್ನು ಕೇಳುವುದು, ವಾರಕ್ಕೊಮ್ಮೆ ಬಾಲಗೃಹದಲ್ಲೇ ಕೂತು ಪುಸ್ತಕ ನೋಡುವುದು. ರಜೆಯಲ್ಲಿ ಎಲ್ಲರೂ ಹೋದ ಮೇಲೂ ಹೋಗುವುದು. ಮಗುವಿನ ಭಾಷೆ ಕನ್ನಡವಾಗಿರಲೇಬೇಕೆಂದಿಲ್ಲ. ಹೆಚ್ಚಿನ ಪಾಲು ಆಗಿರುವುದೂ ಇಲ್ಲ. ಬಾಂಗ್ಲಾ ಇರಬಹುದು, ನೇಪಾಳಿ ಇರಬಹುದು. ನಮ್ಮ ಮುಂಬಯಿ ಹಿಂದಿ ಸಾಕಾಗುತ್ತದೆ.

ಇದನ್ನು ಬರೆದು ಸಂಘದ ಕಾರ್ಯದರ್ಶಿಯವರ ಕೈಯಲ್ಲಿ ಕೊಟ್ಟಾಗ ಅವರು ಮೊದಲು ಕೇಳಿದ್ದು, “ಟೀಚರ್, ಇದಕ್ಕೆ ಮಕ್ಕಳ ಕಲ್ಯಾಣ ಸಮಿತಿಯವರು ಒಪ್ಪುತ್ತಾರಾ?” ಒಪ್ಪಿಗೆ ಬೇಕು, ಪೊಲೀಸ್ ವೆರಿಫಿಕೇಶನ್ ಬೇಕು, ಅದು ಇರಲೇಬೇಕು ಕೂಡ. ಒಂಟಿ ಮಕ್ಕಳ ಹತ್ತಿರ ಯಾರು ಬೇಕಾದರೂ ಸುಳಿಯುವಂತಾಗಬಾರದು. ನಾನೂ ನನ್ನ ಜೊತೆ ಗಣಿತ ಕಲಿಸುತ್ತಿದ್ದ ಇಬ್ಬರೂ ಅರ್ಜಿ ಹಾಕಿದ್ದೇವೆ. ಠಾಣೆಯಿಂದ ಮನೆಗೆ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ, ಸಮಿತಿಯ ಉತ್ತರ ಬರಬೇಕಿದೆ. ಸೇರಬೇಕೆನ್ನುವವರು ನಿಮ್ಮ ಹತ್ತಿರದ ಸಂಘದಲ್ಲಿ ಹೆಸರು ಕೊಡಿ. ಜೂನಿನಲ್ಲಿ ಶಾಲೆ ತೆರೆಯುವ ಮುಂಚೆ ಆದರೆ ಒಳ್ಳೆಯದು, ಮೊದಲ ಮೀಟಿಂಗ್ ಸಾಮಾನ್ಯವಾಗಿ ಜುಲೈ ಎರಡನೆಯ ವಾರದಲ್ಲಿರುತ್ತದೆ.